ಟೀವಿಯಲ್ಲಿ ಬಂದ ಅಕ್ಕ

ನನ್ನ ಸೋದರಮಾವನಷ್ಟು ಸಿಟ್ಟಿನಿಂದ ಹಾಸ್ಯವನ್ನು ಪ್ರೀತಿಸಿದವರು ಕೊಪ್ಪಳ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಈ ಮಾತೊಂದನ್ನು ಬಿಟ್ಟರೆ, ಮುಂದೆ ಹೇಳುವುದರಲ್ಲಿ ನಡೆದದ್ದೆಷ್ಟು, ನಾನು ಕಟ್ಟಿಕೊಂಡದ್ದೆಷ್ಟು ಎಂಬುದು ನನಗೇ ಖಾತ್ರಿಯಿಲ್ಲ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಇತಿಹಾಸ ಓದಿ ಕಲಿತದ್ದೇ ಇಷ್ಟು: ಸಾಕ್ಷಿಯನ್ನು ನಂಬಬೇಡ, ಸಾಕ್ಷಿ ನೀನೇ ಆಗಿದ್ದರಂತೂ ನಂಬಲೇಬೇಡ.

ಮಾವ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಈಗಿನ ಟೀವಿ ಹಾಸ್ಯ ಕಂಡರೆ ಅವನಿಗೆ ಮೈಯೆಲ್ಲ ಉರಿ. “ತಾವ ಹೇಳ್ತಾರ, ತಾವ ನಗತಾರ. ನಾವ್ಯಾಕ ಕುಂದ್ರಬೇಕು?” ಎನ್ನುತ್ತಾನೆ. ಮೊದಲಾದರೆ ಅದೇ ಟೀವಿಯಲ್ಲಿ ನಾಲ್ಕು ಕುರ್ಚಿ, ಒಂದು ಪರದೆ, ಹತ್ತು ನಿಮಿಷದ ಪ್ರಹಸನ. ಓಣಿಗೆ ಓಣಿಯೇ ನಗುತ್ತಿತ್ತು! ಅದರಲ್ಲಿ ನಟಿಸಿದ ಮಕ್ಕಳೆಲ್ಲ ಈಗ ಎಲ್ಲಿ? ಯಾರಾದರೂ ವಿಚಾರಿಸಿದ್ದಾರೆಯೇ?

ಯಾರೂ ವಿಚಾರಿಸದ್ದಕ್ಕೆ ಮಾವನೇ ವಿಚಾರಿಸುತ್ತಾನೆ. ಒಮ್ಮೆ ಗಂಗಾವತಿಯ ಅಕ್ಕಿ ಗಿರಣಿಯ ಮುಂದೆ ಒಬ್ಬ ಬೋಳುತಲೆಯವನನ್ನು ತಡೆದು, ನೀನು ಆ ತುಂಟ ಮೊಮ್ಮಗನ ಪಾತ್ರ ಮಾಡುತ್ತಿದ್ದ ಹುಡುಗನೇ ಎಂದು ಹಟ ಹಿಡಿದ. ತಾನು ಗೋಣಿಚೀಲದ ವ್ಯಾಪಾರಿ ಎಂದು ಆತ ಪರಿಪರಿಯಾಗಿ ಹೇಳಿಕೊಂಡ. “ಮುಚ್ಚಿಡಬ್ಯಾಡಪಾ, ಇದರಾಗ ನಾಚಿಕಿ ಏನೈತಿ?” ಎಂದು ಮಾವ ಚಹಾ ಕುಡಿಸಿದ. ಬಸ್ಸು ತಪ್ಪುವ ಹೊತ್ತಿಗೆ ಆ ಬಡಪಾಯಿ ಅಕ್ಕಿ ಮಾದರಿಯ ಪೊಟ್ಟಣದ ಮೇಲೆ ಹಸ್ತಾಕ್ಷರ ಹಾಕಿಕೊಟ್ಟು ಪಾರಾದ!

ಆದರೆ ಮಾವನ ನಿಜವಾದ ಸಿಟ್ಟು ಕರೆಂಟಿನವರ ಮೇಲೆ. ಅವನ ಮಗಳು, ನಾನು ಅಕ್ಕ ಎನ್ನುವವಳು, ೧೯೯೮ರಲ್ಲಿ ಒಂಬತ್ತರ ವಯಸ್ಸಿಗೆ ಅಂಥದ್ದೊಂದು ಪ್ರಹಸನದಲ್ಲಿ ಪಾತ್ರ ಮಾಡಿದಳು. ಹೆಣ್ಣು ನೋಡುವ ಶಾಸ್ತ್ರ. ಗಂಡಿನ ಕಡೆಯವರು ವಧುವಿನ ಕೈಯ ಉಪ್ಪಿಟ್ಟನ್ನು ಹೊಗಳುವಾಗ ವಧುವಿನ ತಂಗಿಯಾಗಿ ಅಕ್ಕ ಬಂದು, “ಉಪ್ಪಿಟ್ಟು ಬಾಜೂ ಮನಿ ಕಾಕು ಮಾಡ್ಯಾಳ್ರಿ” ಎನ್ನಬೇಕು. ಅಷ್ಟೇ. ಆ ಒಂದು ಸಾಲಿಗಾಗಿ ಮಾವ ಬಂಧುಗಳಿಗೆಲ್ಲ ಕಾರ್ಡು ಬರೆದ. ಪ್ರಸಾರದ ಸಂಜೆ ನಾನೂ ನೀರಾವರಿ ಕಾಲೊನಿಯ ಅವನ ಮನೆಯಲ್ಲಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಯಿತು! ಮಾವ ಕರೆಂಟಿನವರ ಏಳು ತಲೆಮಾರನ್ನು ಬೈಯುತ್ತ, ಸೊಳ್ಳೆ ಬರುತ್ತವೆಂದು ಕಿಟಕಿಗಳನ್ನೆಲ್ಲ ಮುಚ್ಚಿದ.

ನಮ್ಮ ಕಡೆ ‘ನಿಮ್ಮ ಹುಡುಗಿಯನ್ನು ನೋಡಲಿಲ್ಲ’ ಎನ್ನುವುದು ಊಟಕ್ಕೆ ಕರೆದವರ ಎಲೆಯ ಮುಂದಿನಿಂದ ಎದ್ದು ಹೋದಂತೆ. ಕೊಪ್ಪಳದ ಚಿಕ್ಕಮ್ಮ ಹುಡುಗಿಯ ಕುಣಿತವನ್ನು ಹೊಗಳಿದಳು. ಕುಷ್ಟಗಿಯ ಕಾಕಾನಿಗೆ ಅವಳು ಅತ್ತಾಗ ತನಗೂ ಅಳು ಬಂದಿತ್ತು. ಯಲಬುರ್ಗಾದವರಿಗೆ ಪೊಲೀಸ್ ವೇಷ ಬಹಳ ಹಿಡಿಸಿತ್ತು! ಮಾವ ಎಲ್ಲರಿಗೂ ಪೇಢೆ ಕೊಟ್ಟ. ಅವರನ್ನೇಕೆ ಅನ್ನಲಿ? ಕತ್ತಲಲ್ಲಿ ಕೂತಿದ್ದ ನನಗೂ ಅಕ್ಕ ಎರಡು ಜಡೆ ಹಾಕಿಕೊಂಡು ಪರದೆಯ ಮೇಲೆ ಬಂದದ್ದು ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ. ಹಾಸ್ಟೆಲಿನಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ!

ಈಚೆಗೆ ಮಾವನಿಗೆ, ಹಳೆಯ ಕಂತುಗಳು ಅಂತರ್ಜಾಲದಲ್ಲಿ ಸಿಗುತ್ತವೆ, ಹುಡುಕಿ ತೋರಿಸುತ್ತೇನೆ ಎಂದೆ. ಇಷ್ಟು ವರ್ಷ ಕರೆಂಟಿನವರನ್ನು ಶಪಿಸಿದ ಮನುಷ್ಯ ಕುಣಿದಾಡಬೇಕಿತ್ತು. “ಬ್ಯಾಡ. ಹೋದದ್ದು ಹೋತು” ಎಂದು ಎದ್ದು ಹೋದ. ನನಗೂ ಸಿಟ್ಟು ಬಂತು. ಹಟಕ್ಕೆ ಬಿದ್ದು ಹುಡುಕಿದೆ. ಪ್ರಹಸನ ಸಿಕ್ಕಿತು. ವಧು ಇದ್ದಳು, ವರ ಇದ್ದ, ಉಪ್ಪಿಟ್ಟೂ ಇತ್ತು. ತಂಗಿ ಇರಲಿಲ್ಲ. ಕತ್ತರಿಸಿದ ಪುಣ್ಯಾತ್ಮನಿಗೆ ಒಂದು ಮಗುವಿನ ಒಂದು ಸಾಲು ಅಷ್ಟು ಭಾರವಾಗಿತ್ತೇ?

ಅಕ್ಕ ಈಗ ಕುಷ್ಟಗಿಯಲ್ಲಿ ಶಾಲೆಯ ಶಿಕ್ಷಕಿ. ಅವಳಿಗೆ ಹೇಗೆ ಹೇಳುವುದೆಂದು ತಡವರಿಸುತ್ತಲೇ ಹೇಳಿದೆ. ಮೆಂತ್ಯದ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

“ಕತ್ತರಿಸೀವಿ ಅಂತ ಅವತ್ತು ಮಧ್ಯಾಹ್ನನ ಅಪ್ಪನ ಆಫೀಸಿಗೆ ಟೀವಿಯವರ ಫೋನ್ ಬಂದಿತ್ತಂತ, ಮುಂದ ಅವ್ವ ಹೇಳಿದ್ಲು. ಆದ್ರ ನನಗ ಸಂಜಿಗೇ ಸಂಶೆ ಬಂದಿತ್ತೋ ತಮ್ಮಾ. ಹಿತ್ತಲಕ್ಕ ಹೋದಾಗ ನೋಡಿದೆ, ಹಿಂದಿನ ಮನ್ಯಾಗ ಟೀವಿ ನಡದಿತ್ತು. ಆಮ್ಯಾಲೆ ಅಪ್ಪ ಕಿಸೆದಾಗಿಂದ ಫ್ಯೂಸ್ ತಗದು ಹಾಕೋದನ್ನೂ ನೋಡಿದೆ.”

“ನಿನಗ ಗೊತ್ತೈತಿ ಅಂತ ಮಾಮಾಗ ಹೇಳಲಿಲ್ಲೇನು?”

“ಹ್ಯಾಂಗ ಹೇಳಲಿ? ನನ್ನ ಸಲುವಾಗಿ ಇಷ್ಟು ವರ್ಷ ಬೈಕೋಂತ ಬಂದಾನ.”

ನಾನು ಅವಳನ್ನೂ ನಂಬಲಿಲ್ಲ. ಆಗ ಹಿಂದಿನ ಮನೆಯಲ್ಲಿದ್ದ ಎಂಜಿನಿಯರರು ನಿವೃತ್ತರಾಗಿ ಕೊಪ್ಪಳದಲ್ಲಿದ್ದಾರೆ. ಅವರನ್ನು ಹುಡುಕಿಕೊಂಡು ಹೋದೆ. ದಿನಚರಿ ಬರೆಯುವ ಮನುಷ್ಯ, ಹಳೆಯ ಪುಟ ತೆಗೆದು ತೋರಿಸಿದರು. ಆ ಸಂಜೆ ಅವರ ಮನೆಯವರೆಲ್ಲ ಕೂತು ಉಪ್ಪಿಟ್ಟಿನ ಪ್ರಹಸನ ನೋಡಿದ್ದರು. ಕಾಲೊನಿಯಲ್ಲಿ ಕರೆಂಟು ಹೋಗಿರಲಿಲ್ಲ.