ಭಾವನ ಎಂಟು ಓಮ್

ಹೆಣ್ಣು ನೋಡಲು ಹೊಸನಗರಕ್ಕೆ ಬಂದ ನಮ್ಮ ಭಾವ ಅಕ್ಕನಿಗಿಂತ ಹೆಚ್ಚು ಹೊತ್ತು ನೋಡಿದ್ದು ನಮ್ಮ ಮನೆಯ ರೇಡಿಯೋವನ್ನು! ಅಕ್ಕ ಕಾಫಿ ತಂದಿಟ್ಟಾಗ ಅವರು ರೇಡಿಯೋದ ಬೆನ್ನಿಗೆ ಕಿವಿ ಕೊಟ್ಟು ಕೂತಿದ್ದರು. ಹುಡುಗಿ ಒಪ್ಪಿಗೆಯೇ ಎಂದು ಅಪ್ಪ ಕೇಳಿದರೆ, ಒಪ್ಪಿಗೆ, ಆದರೆ ಸ್ಪೀಕರ್ ಬದಲಾಯಿಸಬೇಕು ಎಂದರಂತೆ.

ಮದುವೆ ನಡೆದದ್ದು ತೀರ್ಥಹಳ್ಳಿಯ ಛತ್ರದಲ್ಲಿ. ಇನ್ನೇನು ಮುಹೂರ್ತ ಹತ್ತಿರ ಬಂತು ಎನ್ನುವಾಗ ಮದುಮಗ ಮಣೆಯಿಂದ ಎದ್ದು ನಿಂತ. ಬೀಗರ ಮುನಿಸು ಎಂದುಕೊಂಡು ಅಪ್ಪ ಕೈ ಮುಗಿದು ಓಡಿದರು. ಭಾವನ ಕಣ್ಣು ಮಾತ್ರ ಮೂಲೆಯಲ್ಲಿದ್ದ ಮೈಕಿನವನ ಮೇಲೆ. ಅವನು ಮೂರು ಹಾರ್ನುಗಳ ವೈರನ್ನೂ ಆಂಪ್ಲಿಫೈಯರಿನ ಒಂದೇ ಕಡೆಗೆ ಸುತ್ತುತ್ತಿದ್ದ.

"ಎಂಟು ಓಮ್ ಇರ್ಬೇಕು ಮಾವ. ಇಲ್ಲಾಂದ್ರೆ ಸುಡ್ತದೆ" ಎಂದರು ಭಾವ.

ಗಾಬರಿಯಲ್ಲಿದ್ದ ಅಪ್ಪ ಪುರೋಹಿತರ ಬಳಿ ಹೋಗಿ, ಹುಡುಗನಿಗೆ ಎಂಟು ಹೋಮ ಆಗಬೇಕಂತೆ, ಇಲ್ಲದಿದ್ದರೆ ಸುಡುತ್ತದಂತೆ ಎಂದರು. ಪುರೋಹಿತರು ಶಾಂತವಾಗಿ ಕನ್ನಡಕ ಸರಿಮಾಡಿಕೊಂಡು, "ಹೋಮ ಅಂದ್ಮೇಲೆ ಸುಡ್ದೆ ಇರ್ತದಾ?" ಎಂದರು. ಒಂದು ಹಾರ್ನು ಬಿಚ್ಚಿಸಿ, ಉಳಿದೆರಡರ ವೈರು ಸರಿಮಾಡಿಸಿದ ಮೇಲೆಯೇ ಮದುಮಗ ಕೂತದ್ದು!

ಸಾಗರದಲ್ಲಿ ಸಂಸಾರ ಹೂಡಿದ ಮೇಲೆ ಭಾವನಿಗೆ ಮುಚ್ಚಿಹೋದ ಟೆಂಟ್ ಸಿನಿಮಾದ ದೊಡ್ಡದೊಂದು ಸ್ಪೀಕರ್ ಸಿಕ್ಕಿತು. ಮೊರದಷ್ಟು ಅಗಲ. ಅದಕ್ಕೆ ದಪ್ಪ ಹಲಗೆಯ ಪೆಟ್ಟಿಗೆ ಮಾಡಿಸಿ ನಡುಮನೆಯಲ್ಲಿ ಕೂರಿಸಿದರು. ಎದುರಿಗೆ ಆಂಪ್ಲಿಫೈಯರ್. ಎರಡೂ ಮಳೆಗಾಲವಿಡೀ ಒಂದನ್ನೊಂದು ನೋಡುತ್ತ ಕೂತವೇ ಹೊರತು ಕೂಡಲಿಲ್ಲ. ಸ್ಪೀಕರಿನದು ನಾಲ್ಕು ಓಮ್, ಆಂಪ್ಲಿಫೈಯರ್ ಕೇಳುವುದು ಎಂಟು. ಹಾಗಂದರೆ ಏನು ಎಂದು ಅಕ್ಕ ಕೇಳಿದ್ದಕ್ಕೆ ಭಾವ, "ಓಮ್ ಕಡಿಮೆ ಅಂದ್ರೆ ಗಂಟಲು ದೊಡ್ಡದು ಅಂತ ತಿಳ್ಕೋ. ಎಷ್ಟು ಕೊಟ್ರೂ ಕುಡೀತದೆ. ಕೊಟ್ಟೂ ಕೊಟ್ಟೂ ಆಂಪ್ಲಿಫೈಯರ್ ಸಾಯ್ತದೆ" ಎಂದು ತಿಳಿಸಿದರು. ತಮ್ಮ ಮದುವೆಗೆ ಇದರ ಕಾಲು ಭಾಗದಷ್ಟೂ ಯೋಚಿಸಿರಲಿಲ್ಲ ಎಂದು ಅಕ್ಕ ನಮಗೆ ದೂರು ಹೇಳಿದಳು.

ಕೊನೆಗೆ ಅಂಥದೇ ಇನ್ನೊಂದು ಸ್ಪೀಕರ್ ಸಿಕ್ಕಿತು. ಒಂದರ ಹಿಂದೆ ಒಂದು ಕಟ್ಟಿದರೆ ನಾಲ್ಕೂ ನಾಲ್ಕೂ ಎಂಟು! ಉದ್ಘಾಟನೆಗೆ ನಾವೆಲ್ಲ ಹೋಗಿದ್ದೆವು. ಭಾವ ಗುಂಡಿಯನ್ನು ಕೂಸಿನ ಕಿವಿ ಹಿಡಿದಂತೆ ಹಿಡಿದು ತಿರುಗಿಸಿದರು. ಮೊದಲು ನೆಲ ಗುಂಯ್ ಎಂದಿತು. ಆಮೇಲೆ ಅಡುಗೆಮನೆಯ ತಟ್ಟೆಗಳೆಲ್ಲ ತಾಳ ಹಾಕತೊಡಗಿದವು. ಪಕ್ಕದ ಮನೆಯವರು ಬಾಗಿಲಿಗೆ ಬಂದು, ಲಿಂಗನಮಕ್ಕಿ ಅಣೆಕಟ್ಟಿನ ಗೇಟು ತೆಗೆದರೋ ಹೇಗೆ ಎಂದು ವಿಚಾರಿಸಿಕೊಂಡು ಹೋದರು.

ಇನ್ನೂ ಜೋರು ಮಾಡಿ ಎಂದೆವು. ಭಾವ ಒಪ್ಪಲಿಲ್ಲ. ಶಕ್ತಿ ಸಾಲದ ಆಂಪ್ಲಿಫೈಯರನ್ನು ಕಿರುಚಿಸಿದರೆ ದನಿ ಒಡೆಯುತ್ತದೆ, ಸುಟ್ಟುಹೋಗುವುದು ಸ್ಪೀಕರ್ ಎಂದು ಪಾಠ ಮಾಡಿದರು. ಒಂದೇ ಹಾಡಿಗೆ ನಿಲ್ಲಿಸಿ ಆಂಪ್ಲಿಫೈಯರಿನ ನೆತ್ತಿ ಮುಟ್ಟಿ, ಪಾಪ, ಬಿಸಿಯಾಗಿದೆ ಎಂದರು. ಒಳಗೆ ಅಷ್ಟು ಜನಕ್ಕೆ ದೋಸೆ ಹೊಯ್ಯುತ್ತಿದ್ದ ಅಕ್ಕನಿಗೆ ಯಾರಾದರೂ ಪಾಪ ಅಂದರೇ? ಇಲ್ಲ!

ಕೆಲವು ವರ್ಷ ಕಳೆದವು. ಹೊಸನಗರದಲ್ಲಿ ನಮ್ಮ ಅಮ್ಮನ ಕಿವಿ ಮಂದವಾಗುತ್ತ ಬಂತು. ಮೊದಮೊದಲು ನಾವು ನಕ್ಕಾಗ ತಾನೂ ನಗುತ್ತಿದ್ದಳು. ಆಮೇಲೆ ನಮ್ಮ ನಡುವೆ ಬಂದು ಕೂರುವುದನ್ನೇ ಬಿಟ್ಟಳು. ಶನಿವಾರದ ಭಜನೆಗೂ ಹೋಗಲಿಲ್ಲ. ತುಟಿ ಅಲ್ಲಾಡುವುದಷ್ಟೇ ಕಾಣುತ್ತದೆ, ಹೋಗಿ ಏನು ಮಾಡಲಿ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಭಾವ ಹೇಳದೆ ಕೇಳದೆ ಅಕ್ಕನ ಜೊತೆ ಜೀಪಿನಲ್ಲಿ ಬಂದಿಳಿದರು. ಹಿಂದೆ ಕಂಬಳಿ ಸುತ್ತಿದ ಆ ಎರಡು ಸ್ಪೀಕರ್ ಪೆಟ್ಟಿಗೆಗಳು, ಜೊತೆಗೆ ಆಂಪ್ಲಿಫೈಯರ್. ಸಾಗರದ ಭಜನೆಯೊಂದನ್ನು ಟೇಪಿನಲ್ಲಿ ಹಿಡಿದು ತಂದಿದ್ದರು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿ, ಅವಳ ಅಂಗೈಯನ್ನು ಪೆಟ್ಟಿಗೆಯ ಮೇಲಿಡುವಂತೆ ಅಕ್ಕನಿಗೆ ಸನ್ನೆ ಮಾಡಿದರು.

ಟೇಪು ಸುತ್ತತೊಡಗಿತು. ನಿಧಾನವಾಗಿ ಅಮ್ಮನ ಇನ್ನೊಂದು ಕೈಯ ಬೆರಳುಗಳು ತೊಡೆಯ ಮೇಲೆ ಎಣಿಸತೊಡಗಿದವು. ತಾಳ ಒಂದೂ ತಪ್ಪಲಿಲ್ಲ.

"ಮೃದಂಗ ಅಲ್ವನೇ ಇದು?" ಎಂದು ಅಕ್ಕನನ್ನು ಕೇಳಿದಳು.

ಅಕ್ಕ ತಲೆಯಾಡಿಸಿದಳು. ಭಾವ ಪೆಟ್ಟಿಗೆಯ ಹಿಂದೆ ಹೋಗಿ, ವೈರು ಸರಿಮಾಡುವವರಂತೆ ನಮಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತರು. ಭಜನೆ ಮುಗಿಯುವವರೆಗೂ ಅಲ್ಲಿಂದ ಏಳಲಿಲ್ಲ.