ಬಿಸಿಲಿಗೂ ಗಾಳಿಗೂ ಒಂದೇ ದಿನ ರಜೆ

"ಲೇ, ಇನ್ಮೇಲೆ ಬಿಸಿಲೂ ಗಾಳಿನೂ ನಮ್ಮನೇಲಿ ಚಾಕರಿ ಮಾಡ್ತವೆ ಕಣೆ. ಒಂದು ರಜಾ ಹಾಕಿದ್ರೆ ಇನ್ನೊಂದು ಬರುತ್ತೆ" ಎಂದು ಯಜಮಾನರು ಹೇಳಿದ ದಿನವೇ ನಾನು ಶಪಥ ಮಾಡಿದೆ: ಈ ಜನ್ಮದಲ್ಲಿ ಇನ್ನು ಗಾಜು ಒರೆಸುವವಳಲ್ಲ. ಲಾಂದ್ರವನ್ನು ಅಟ್ಟಕ್ಕೇರಿಸಿದೆ. ಕರೆಂಟಿನ ಕಂಬಗಳು ಸೋಮಾರಿಗಳ ಹಾಗೆ ಬೀದಿಯ ತಿರುವಿನಲ್ಲೇ ನಿಂತಿದ್ದವು. ಮದುವೆಯಾದಾಗಿನಿಂದ ಮಸಿ ಒರೆಸಿ ಒರೆಸಿ ನನ್ನ ಅಂಗೈಯ ರೇಖೆಗಳೇ ಸವೆದಿದ್ದವು.

ಅವರು ಗಡಿಯಾರ ರಿಪೇರಿಯವರು. ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು, ಪಕ್ಕದಲ್ಲಿ ಗಾಳಿಯಂತ್ರ, ಕೆಳಗೆ ಮಂಚದಡಿ ಬ್ಯಾಟರಿ. ಕರೆಂಟ್ ಕೆಲಸದ ನನ್ನ ತಮ್ಮನಿಗೆ ನಗು.

"ಭಾವ, ಇದ್ರಲ್ಲಿ ದೀಪ ಹತ್ತಿದ್ರೆ ನಾನು ಕೆಲಸ ಬಿಡ್ತೀನಿ."

"ಭಾನುವಾರ ಸಂಜೆ ಬಾ. ಹತ್ತದಿದ್ರೆ ಎಲ್ಲ ಬಿಚ್ಚಿ ಗುಜರಿಗೆ ಹಾಕ್ತೀನಿ."

ಭಾನುವಾರ ಬೆಳಿಗ್ಗೆ ತಂತಿ ಜೋಡಿಸಿ ಅಂಗಡಿಗೆ ಹೋದರು. ನಾನು ಕಂಬಳಿ ಒಗೆದೆ. ಮಾಳಿಗೆ ಹತ್ತಿದರೆ, ಬಿಸಿಲಿಗೆ ಮುಖಮಾಡಿ, ಹದವಾಗಿ ಓರೆಯಾಗಿ, ನನಗಾಗಿಯೇ ಮಾಡಿಸಿದಂಥ ಜಾಗ! ಹರವಿದೆ. ಮಧ್ಯಾಹ್ನ ಕಣ್ಣು ಮುಚ್ಚಿದರೆ ನೆತ್ತಿಯ ಮೇಲೆ ಗಾಳಿಯಂತ್ರದ ಗರಗರ. ಗಾಳಿ ಕೊಂಚ ನಿಂತ ಹೊತ್ತು ನೋಡಿ, ಕೈಗೆ ಸಿಕ್ಕ ಲಾಡಿಯಿಂದ ರೆಕ್ಕೆಯನ್ನು ಕಂಬಕ್ಕೆ ಬಿಗಿದು ಬಂದು ಮಲಗಿದೆ. ಬಿಸಿಲಿಗೂ ಗಾಳಿಗೂ ಒಂದೇ ದಿನ ರಜೆ ಕೊಟ್ಟ ಯಜಮಾನಿ ಮೂರು ಲೋಕದಲ್ಲೂ ನಾನೊಬ್ಬಳೇ ಇರಬೇಕು.

ಸಂಜೆ ತಮ್ಮ ಬಂದ. ಯಜಮಾನರು ಒಂದು ಕೈಯಲ್ಲಿ ಲಾಡಿಯಿಲ್ಲದ ಪೈಜಾಮ ಹಿಡಿದುಕೊಂಡು, ಇನ್ನೊಂದರಲ್ಲಿ ಸ್ವಿಚ್ ಒತ್ತಿದರು. ಬಲ್ಬು ಮಿಣುಕುಹುಳದ ಹಾಗೆ ಕಣ್ಣು ಬಿಟ್ಟು, ನಮ್ಮನ್ನೆಲ್ಲ ಒಮ್ಮೆ ನೋಡಿ, ಮುಚ್ಚಿಕೊಂಡಿತು. ಅವರ ಮುಖವೂ ಹಾಗೇ ಆರಿತು.

ತಮ್ಮ ಏಣಿ ಹತ್ತಿದ. ಇಳಿದಾಗ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಲಾಡಿ.

"ಅಕ್ಕಾ, ಯಾರ ಕೆಲಸ ಇದು?"

ನಾನು ಅವನ ಹೆಗಲಿನಿಂದ ಕಂಬಳಿ ಎಳೆದುಕೊಂಡು ಮಡಿಸತೊಡಗಿದೆ.

"ನಂದೇ. ಪರೀಕ್ಷೆ ಮಾಡ್ತಿದ್ದೆ" ಎಂದರು ಯಜಮಾನರು.

"ಪೈಜಾಮ ಕೈಲಿ ಹಿಡ್ಕೊಂಡು ಮಾಡೋ ಪರೀಕ್ಷೆ ಯಾವುದು ಭಾವ?"

ಕತ್ತಲಲ್ಲೇ ಕೂತು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ತಮ್ಮ ಇನ್ನೊಂದು ಭಾನುವಾರದ ಗಡುವು ಕೊಟ್ಟ. ನಾನು ಲಾಂದ್ರ ಇಳಿಸಿ, ತೆಪ್ಪಗೆ ಗಾಜು ಒರೆಸಿದೆ.

ಮುಂದಿನ ಭಾನುವಾರ ದೀಪ ಹತ್ತಿತು. ತಮ್ಮ ಕೆಲಸವನ್ನೇನೂ ಬಿಡಲಿಲ್ಲ. ಇಪ್ಪತ್ತಾರು ವರ್ಷ ಆ ಬೆಳಕಿನಲ್ಲೇ ಬಾಳಿದೆವು. ಯಜಮಾನರು ಒಂದು ದಿನವೂ ಕಂಬಳಿಯ ಮಾತೆತ್ತಲಿಲ್ಲ.

ಕಡೆಯ ದಿನ ಮಂಚದಲ್ಲಿ ಮಲಗಿದ್ದವರು ಹತ್ತಿರ ಕರೆದರು. ಏನೋ ದೊಡ್ಡ ಮಾತಿರಬೇಕೆಂದು ಬಗ್ಗಿ ಕಿವಿಗೊಟ್ಟೆ.

"ಬೆಳಕು ಮಂಕಾಗಿದೆ ಕಣೆ. ಪ್ಲೇಟಿನ ಮೇಲೆ ಧೂಳು ಕೂತಿರ್ಬೇಕು. ಆ ಗಾಜು ಒಂಚೂರು ಒರೆಸ್ತೀಯಾ?"