ಸ್ವಲ್ಪ ಕಣ್ಣಿಟ್ಟಿರಿ

ದೇವರು ಕೊಟ್ಟ ಮುಖವನ್ನು ವಾಪಸು ತೆಗೆದುಕೊಳ್ಳುವ ಅಂಗಡಿ ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ನನ್ನದು ಸುಂದರವಾದ ಮುಖವಲ್ಲ. ಆ ಬಗ್ಗೆ ನನಗೆ ದೂರಿಲ್ಲ. (ಇದ್ದರೆ ನನ್ನ ಹೆಂಡತಿಗಿರಬೇಕು.) ನನ್ನ ದೂರು ಅದು ನಂಬಿಕಸ್ಥ ಮುಖ ಎಂಬುದು. ಬೀದಿಯಲ್ಲಿ ನಿಂತರೆ ಯಾರೋ ಬಂದು ಸೈಕಲ್ ಒಪ್ಪಿಸಿ ಹೋಗುತ್ತಾರೆ. ಆಸ್ಪತ್ರೆಯಲ್ಲಿ ಕೂತರೆ ಗುರುತಿಲ್ಲದ ತಾಯಿ ಮಗುವನ್ನೇ ತೊಡೆಗೆ ದಾಟಿಸುತ್ತಾಳೆ. ಕನ್ನಡಕದ ಅಂಗಡಿ ನನ್ನದು. ಗಿರಾಕಿಗಳು ಕನ್ನಡಕ ಬಿಚ್ಚಿಟ್ಟ ಮೇಲೂ, ಅಂದರೆ ನಾನು ಸರಿಯಾಗಿ ಕಾಣದಿದ್ದಾಗಲೂ, ನನ್ನನ್ನು ನಂಬುತ್ತಾರೆ.

"ಅದು ನಂಬಿಕಸ್ಥ ಮುಖ ಅಲ್ಲ ಕಣ್ರೀ," ಎನ್ನುತ್ತಾಳೆ ಹೆಂಡತಿ. "ಇಲ್ಲ ಅನ್ನೋಕ್ಕೆ ಬಾರದ ಮುಖ."

ಅವಳಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸ. ಅಲ್ಲಿ ಗಿರಾಕಿಗಳಿಗೆ ಕುರ್ಚಿ, ಮಾಲೀಕರಿಗೆ ಮೆತ್ತೆ, ಇವಳಿಗೆ ನೆಲ. ಅದೂ ನಿಲ್ಲುವುದಕ್ಕೆ ಮಾತ್ರ. ಸಂಜೆ ಬಂದವಳೇ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುತ್ತಾಳೆ. ಹಾಗೆ ಕೂತಿದ್ದಾಗಲೇ ಪೇಪರಿನಲ್ಲಿ ಅವಳಿಗೊಂದು ಜಾಹೀರಾತು ಕಣ್ಣಿಗೆ ಬಿತ್ತು. ಪ್ರವಾಸಿಗರಿಗೆ ರೈಲಿನಲ್ಲಿ 'ಜೋಡಿ ರಿಯಾಯಿತಿ'! ಒಬ್ಬರಿಗೆ ಪೂರ್ತಿ ಟಿಕೆಟ್ ತೆಗೆದರೆ ಜೊತೆಯವರಿಗೆ ಅರ್ಧ. ಮೆತ್ತನೆಯ ಸೀಟು, ಕಾಲಿಗೆ ಧಾರಾಳ ಜಾಗ. ಷರತ್ತು ಒಂದೇ: ತಪಾಸಣೆಯ ಹೊತ್ತಿಗೆ ಜೋಡಿ ಜೋಡಿಯಾಗಿಯೇ ಕೂತಿರಬೇಕು. ಇಲ್ಲವಾದರೆ ರಿಯಾಯಿತಿ ರದ್ದು.

"ಸಮುದ್ರ ನೋಡ್ಕೊಂಡ್ ಬರೋಣ," ಎಂದಳು. "ಸಮುದ್ರ ಕಾಣದಿದ್ರೂ ಪರವಾಗಿಲ್ಲ. ದಾರಿ ಉದ್ದಕ್ಕೂ ನಾನು ಕಾಲು ಚಾಚಿ ಕೂರ್ಬೇಕು, ಅಷ್ಟೇ."

ಹೊರಟೆವು. ಇದ್ದದ್ದು ಒಂದೇ ಸೂಟ್‌ಕೇಸ್. ಅದನ್ನು ಸೀಟಿನ ಕೆಳಗೆ ತಳ್ಳಿ, ಚಪ್ಪಲಿ ಬಿಟ್ಟು, ಅವಳು ಮೆಲ್ಲಗೆ ಕಾಲು ಚಾಚಿದಳು. "ಸ್ವರ್ಗ ಕಣ್ರೀ," ಎಂದು ಕಣ್ಣು ಅರೆಮುಚ್ಚಿದಳು. ಆ ಸ್ವರ್ಗ ಮುಂದಿನ ನಿಲ್ದಾಣದ ತನಕ ಬಾಳಿತು.

ಅಲ್ಲಿ ಹತ್ತಿದ ಸಂಗೀತದ ಮೇಷ್ಟ್ರೊಬ್ಬರು ಬೋಗಿಯಲ್ಲಿದ್ದ ಮುಖಗಳನ್ನೆಲ್ಲ ಒಮ್ಮೆ ಪರಿಶೀಲಿಸಿ, ನೇರವಾಗಿ ನನ್ನ ಬಳಿ ಬಂದರು. ಆಳೆತ್ತರದ ವಾದ್ಯದ ಪೆಟ್ಟಿಗೆಯನ್ನು ನಮ್ಮ ಮುಂದೆ ಮಲಗಿಸಿ, "ಸ್ವಲ್ಪ ಕಣ್ಣಿಟ್ಟಿರಿ ಸಾರ್, ಊಟ ಮಾಡಿ ಬಂದ್ಬಿಡ್ತೀನಿ," ಎಂದು ಊಟದ ಬೋಗಿಯ ಕಡೆ ನಡೆದರು. ಅದನ್ನು ಕಂಡ ಹೊಸ ದಂಪತಿ, "ಹೇಗೂ ನೋಡ್ಕೊಳ್ತಿದ್ದೀರಲ್ಲ ಅಂಕಲ್," ಎಂದು ಮೂರು ಚೀಲ ಪೇರಿಸಿ ಅವರೂ ಊಟಕ್ಕೆ ನಡೆದರು. ಕೊನೆಗೆ ಒಬ್ಬ ಹೆಂಗಸು ದೊಡ್ಡದೊಂದು ನಿಲುವುಗನ್ನಡಿ ತಂದು ನನ್ನೆದುರಿಗೇ ಒರಗಿಸಿ ಅದೇ ದಾರಿ ಹಿಡಿದರು. ಅದರಲ್ಲಿ ನನ್ನ ಮುಖ ನಾನೇ ನೋಡಿಕೊಂಡೆ. ಸುಳ್ಳೇಕೆ ಹೇಳಲಿ, ನನ್ನ ಹತ್ತಿರ ಬೇರೆ ಸಾಮಾನಿದ್ದಿದ್ದರೆ ನಾನೂ ಆ ಕನ್ನಡಿಯಲ್ಲಿದ್ದವನಿಗೇ ಒಪ್ಪಿಸುತ್ತಿದ್ದೆ.

ಇಷ್ಟರಲ್ಲಿ ಹೆಂಡತಿಯ ಕಾಲು ಮಡಚಿ ಮಡಚಿ ಗಲ್ಲ ಮುಟ್ಟಿತ್ತು.

"ಜೋಡಿ ರಿಯಾಯಿತಿ ನಿಮಗೂ ಈ ಗಂಟುಗಳಿಗೂ ಸೇರಿ ಕೊಟ್ಟಿರ್ಬೇಕು," ಎಂದಳು.

"ಈಗ ಬರ್ತಾರೆ ಕಣೇ. ನಂಬಿ ಬಿಟ್ಟುಹೋಗಿದ್ದಾರೆ."

"ನಿಮ್ಮನ್ನ ನಂಬಿ ನಾನೂ ಬಂದಿದ್ದೀನಿ." ಅವಳು ಎದ್ದು ಸೂಟ್‌ಕೇಸ್ ಎಳೆದುಕೊಂಡಳು. "ಪಕ್ಕದ ಬೋಗಿ ಖಾಲಿ ಇದೆ, ಅಲ್ಲಿರ್ತೀನಿ. ನಮ್ಮದನ್ನ ನಾನು ನೋಡ್ಕೊಳ್ತೀನಿ, ನೀವು ಊರಿನದ್ದು ನೋಡ್ಕೊಳ್ಳಿ."

ಅವಳು ಹೋದ ಸ್ವಲ್ಪ ಹೊತ್ತಿಗೇ ಟಿಕೆಟ್ ತಪಾಸಣೆಯವರು ಬಂದರು. ಟಿಕೆಟ್ ನೋಡುವ ಮೊದಲು ಸಾಮಾನಿನ ಗುಡ್ಡ ನೋಡಿದರು.

"ಇಷ್ಟೆಲ್ಲ ಯಾರದು?"

"ಬೇರೆಯವರದು ಸಾರ್."

"ಅವರ ಹೆಸರು?"

"ಕೇಳಲಿಲ್ಲ."

"ವಾರಸುದಾರರಿಲ್ಲದ ಸಾಮಾನು ಮುಂದಿನ ಸ್ಟೇಷನ್‌ನಲ್ಲಿ ಇಳಿಸಿಬಿಡ್ತೀವಿ. ನಿಮ್ಮದೇ ಆದ್ರೆ ಹೆಚ್ಚಿನ ಲಗೇಜಿಗೆ ದುಡ್ಡು ಕಟ್ಟಬೇಕು. ಯಾರದು ಹೇಳಿ?"

ಮೇಷ್ಟ್ರ ವಾದ್ಯ ಯಾವುದೋ ಪ್ಲಾಟ್‌ಫಾರಂ ಮೇಲೆ ಅನಾಥವಾಗಿ ಮಲಗಿರುವ ದೃಶ್ಯ ಕಣ್ಣಮುಂದೆ ಬಂತು. "ನನ್ನದೇ," ಎಂದೆ. ಕಟ್ಟಿದೆ.

"ಸರಿ. ಇದು ಜೋಡಿ ಟಿಕೆಟ್ಟು. ನಿಮ್ಮ ಜೋಡಿ ಎಲ್ಲಿ?"

"ಪಕ್ಕದ ಬೋಗೀಲಿದ್ದಾಳೆ."

"ಕರ್ಕೊಂಡು ಬನ್ನಿ, ಕಾಯ್ತೀನಿ."

ಎದ್ದವನು ಮತ್ತೆ ಕೂತೆ. ಸಾಮಾನು ಬಿಟ್ಟು ಹೇಗೆ ಹೋಗುವುದು? ಧೈರ್ಯ ಮಾಡಿ ಕೇಳಿದೆ: "ಸಾರ್, ಸ್ವಲ್ಪ ಕಣ್ಣಿಟ್ಟಿರ್ತೀರಾ?" ಅವರು ನನ್ನ ಮುಖವನ್ನೇ ದಿಟ್ಟಿಸಿ, ನಿಟ್ಟುಸಿರು ಬಿಟ್ಟು, ವಾದ್ಯದ ಪಕ್ಕ ಕುಳಿತರು.

ಪಕ್ಕದ ಬೋಗಿ ನಿಜಕ್ಕೂ ಖಾಲಿ. ತುದಿಯ ಕಿಟಕಿಯ ಬಳಿ ನನ್ನಾಕೆ ಎದುರಿನ ಸೀಟಿನ ಮೇಲೆ ಎರಡೂ ಕಾಲು ನೀಡಿಕೊಂಡು, ಸೂಟ್‌ಕೇಸಿನ ಮೇಲೆ ಕೈಯಿಟ್ಟು ಮಲಗಿದ್ದಳು. ಬಿಸಿಲು ಅವಳ ಪಾದದ ಮೇಲೆ ಬಿದ್ದಿತ್ತು. ಹಿಮ್ಮಡಿ ಒಡೆದದ್ದು ಕಾಣುತ್ತಿತ್ತು. ಸಣ್ಣಗೆ ಗೊರಕೆ ಬೇರೆ. ಹಗಲು ಹೊತ್ತು ಅವಳು ಮಲಗಿದ್ದನ್ನು ನಾನು ಕಂಡು ಎಷ್ಟು ಕಾಲವಾಗಿತ್ತೋ! ಎಬ್ಬಿಸಲೆಂದು ಚಾಚಿದ ಕೈ ಹಾಗೇ ನಿಂತಿತು. ಹಾಳಾದ ರಿಯಾಯಿತಿ ಹೋದರೆ ಹೋಗಲಿ, ಈ ನಿದ್ದೆಯ ಮುಂದೆ ಅದು ಯಾವ ಲೆಕ್ಕ? ಕಳ್ಳಹೆಜ್ಜೆಯಲ್ಲಿ ಹಿಂತಿರುಗಿದೆ.

"ಅವಳು ಬರೋ ಸ್ಥಿತೀಲಿಲ್ಲ ಸಾರ್. ಪೂರ್ತಿ ಟಿಕೆಟ್ಟೇ ಬರೀರಿ," ಎಂದೆ.

ಆಮೇಲೆ ಊಟಕ್ಕೆ ಹೋಗಿದ್ದವರೆಲ್ಲ ತೇಗುತ್ತಾ ಬಂದರು. "ನಿಮ್ಮ ಮುಖ ನೋಡಿದ ಕೂಡ್ಲೇ ಗೊತ್ತಾಯ್ತು ಸಾರ್," ಎಂದು ಮೇಷ್ಟ್ರು ಕೈ ಕುಲುಕಿದರು. ಲಗೇಜಿನ ದುಡ್ಡು ಕೇಳಬೇಕೆಂದು ಬಾಯಿ ತೆರೆದೆ. ಬಾಯಿ "ಪರವಾಗಿಲ್ಲ ಬಿಡಿ," ಎಂದು ಹೇಳಿ ಮುಚ್ಚಿಕೊಂಡಿತು.

ನಮ್ಮ ನಿಲ್ದಾಣ ಬಂತು. ಹೆಂಡತಿ ಲವಲವಿಕೆಯಿಂದ ಇಳಿದಳು. "ಚೆಕ್ಕಿಂಗ್‌ನೋರು ಬಂದಿದ್ರಾ?"

ನಾನು ಈ ಗಳಿಗೆಗಾಗಿಯೇ ಕಾದಿದ್ದೆ. ತ್ಯಾಗಮೂರ್ತಿಯ ಧ್ವನಿಯಲ್ಲಿ ಎಲ್ಲವನ್ನೂ ವಿವರಿಸಿದೆ. "ನಿನ್ನ ನಿದ್ದೆ ಕೆಡಿಸೋಕ್ಕೆ ಮನಸ್ಸು ಬರಲಿಲ್ಲ ಕಣೇ. ಪೂರ್ತಿ ಕಟ್ಟಿಬಿಟ್ಟೆ," ಎಂದು ಮುಗಿಸಿ, ಅವಳ ಕಣ್ಣಲ್ಲಿ ನೀರು ಬರುವುದನ್ನು ಎದುರುನೋಡುತ್ತಾ ನಿಂತೆ.

ಅವಳು ಸೂಟ್‌ಕೇಸನ್ನು ದೊಪ್ಪನೆ ಕೆಳಗಿಟ್ಟಳು.

"ಅಯ್ಯೋ ನಿಮ್ಮ! ಒಂದು ಮಾತು ಅಂದಿದ್ರೆ ಓಡಿ ಬರ್ತಿದ್ನಲ್ರೀ! ನಿದ್ದೆ ಯಾರು ಮಾಡಿದ್ರು? ಆ ಮುಖ ಹೊತ್ಕೊಂಡು ನೀವು ಬರೋದು ದೂರದಿಂದಲೇ ಕಾಣಿಸ್ತು. ಇನ್ಯಾರದ್ದೋ ಗಂಟು ತಂದು ನನ್ನ ಮಡಿಲಿಗೆ ಹಾಕ್ತೀರಾ ಅಂತ ಗಟ್ಟಿಯಾಗಿ ಕಣ್ಣು ಮುಚ್ಕೊಂಡು ಗೊರಕೆ ಹೊಡೆದೆ!"